ಇನಾಮದಾರ ಸಾಹೇಬರು ಮಲಗಿದ್ದ ಜಾಗ

ಬಂಡೆಹಾಳ, ಹೊಳೆಯ ಉತ್ತರ ದಡ
ಹೊಳೆ ನಿಂತ ಎಪ್ಪತ್ತೊಂದನೆಯ ವರ್ಷ, ಉರಿಗಾಲದ ಆರಂಭ
(ನಿಮ್ಮ ಎಣಿಕೆಯಲ್ಲಿ ಇಸವಿ ೨೧೮೬ ಇರಬೇಕು)

ಹಸಿರು ಸಾಲದ ಅಧಿಕಾರಿಗಳಾದ ಶ್ರೀ ಅಚ್ಯುತ ಇನಾಮದಾರ ಅವರಿಗೆ ಹೊನ್ನೂರಮ್ಮ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ ಯಾರೋ ಹುಡುಗಾಟ ಮಾಡಿದ್ದಾರೆಂದು ಈ ಕಾಗದವನ್ನು ಮಡಚಿಡಬೇಡಿ. ನಾನು ಎಪ್ಪತ್ತು ದಾಟಿದ ಹೆಂಗಸು. ಹುಡುಗಾಟಕ್ಕೆ ನನ್ನ ಬಳಿ ಹೊತ್ತೂ ಇಲ್ಲ, ಉಸಿರೂ ಇಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಹೊಸ ಕಷ್ಟಗಳಿಗೆ ಹಳೆಯ ಹೆಸರುಗಳು ಸಾಲದೆ ಬಾಯಿಗೆ ಬಂದದ್ದನ್ನು ಇಟ್ಟುಕೊಂಡಿದ್ದೇವೆ. ಉರಿಗಾಲ ಎಂದರೆ ನಿಮ್ಮ ಬೇಸಿಗೆಯೇ. ನಿಮ್ಮದು ನೆಂಟರ ಹಾಗೆ ಬಂದು ಹೋಗುತ್ತಿತ್ತಂತೆ. ನಮ್ಮದು ಬಂದರೆ ಕಾಲು ಚಾಚಿ ಕೂರುತ್ತದೆ. ಅದರ ನಡುಮಧ್ಯಾಹ್ನಕ್ಕೆ ಬೆಂಕಿಹೊತ್ತು ಎನ್ನುತ್ತೇವೆ. ಆ ಹೊತ್ತಿನಲ್ಲಿ ಬಯಲಲ್ಲಿ ನಿಂತವನು ಸಂಜೆಯ ರೊಟ್ಟಿ ತಿನ್ನುವುದಿಲ್ಲ. ಇಷ್ಟು ತಿಳಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ.

ನಾನು ಬರೆಯುತ್ತಿರುವುದಕ್ಕೆ ಗೋಡೆಯೋಲೆ ಎಂದು ಹೆಸರು. ನಮ್ಮಲ್ಲಿ ಜಾಗ ಬಿಟ್ಟು ಹೋಗುವವರು ಹಿಂದಿನವರಿಗೆ ಒಂದು ಓಲೆ ಬರೆದು, ಕೊನೆಯ ಕೋಣೆಯ ಮುರುಕು ಗೋಡೆಯ ಸಂದಿಯಲ್ಲಿಟ್ಟು ಮಣ್ಣು ಮೆತ್ತುವುದು ರೂಢಿ. ಗೋಡೆ ಹಳೆಯದು, ನಿಮ್ಮ ಕಾಲದಲ್ಲೂ ಅದು ಅಲ್ಲೇ ಇತ್ತು. ಆದ್ದರಿಂದ ಓಲೆ ಗೋಡೆಯೊಳಗೇ ಹಿಂದಕ್ಕೆ ನಡೆದು ನಿಮ್ಮನ್ನು ಮುಟ್ಟುತ್ತದೆ ಎಂದು ಕೆಲವರು ನಂಬಿದ್ದಾರೆ. ನಾನು ನಂಬಿದವಳಲ್ಲ. ಈಗ ನಂಬಬೇಕಾಗಿ ಬಂದಿದೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

ಮೊದಲು ನಮ್ಮ ದಿನಚರಿ ಹೇಳುತ್ತೇನೆ. ನಸುಕಿನಲ್ಲಿ ಎದ್ದು ಹೊಳೆಯ ಪಾತ್ರದಲ್ಲಿ ವರತೆ ತೋಡಿ ನೀರು ತರುತ್ತೇವೆ. ಬಿಸಿಲೇರುವ ಮೊದಲು ಸಜ್ಜೆಯ ಹೊಲದ ಕೆಲಸ ಮುಗಿಯಬೇಕು. ಸರ್ಕಾರದ ಕರೆಂಟು ಬೆಳಗ್ಗೆ ಸ್ವಲ್ಪ, ಮುಚ್ಚಂಜೆಗೆ ಸ್ವಲ್ಪ ಬರುತ್ತದೆ. ಬೇಕಾದ ಹೊತ್ತಿಗೆ ಮಾತ್ರ ಬರುವುದಿಲ್ಲ. ಊರ ನಡುವೆ ನಾಲ್ಕು ಅಂತಸ್ತಿನ ಒಂದು ಕಟ್ಟಡ ನಿಂತಿದೆ, ನಾವು ಅದನ್ನು ನೀಲಗಾಜು ಎನ್ನುತ್ತೇವೆ. ನಿಮ್ಮ ಕಾಲದಲ್ಲಿ ಅದು ಹೋಟೆಲ್ಲು, ಪ್ರವಾಸಿಗಳು ಇಳಿದುಕೊಳ್ಳುತ್ತಿದ್ದರಂತೆ. ಪ್ರವಾಸಿ ಎಂದರೆ ಏನೆಂದು ನಮ್ಮ ಮಕ್ಕಳಿಗೆ ತಿಳಿಸಿಹೇಳುವುದು ಬಲು ಕಷ್ಟ. ಯಾರೂ ಓಡಿಸದೆ ಇದ್ದರೂ ತನ್ನ ಮನೆ ಬಿಟ್ಟು ಬಂದು, ಪಾಳುಬಿದ್ದ ಗುಡಿಗಳನ್ನು ನೋಡಿ ಸಂತೋಷಪಟ್ಟು, ಮತ್ತೆ ತನ್ನ ಮನೆಗೇ ವಾಪಸು ಹೋಗುವವನು ಎಂದರೆ ಅವು ನನಗೇ ಅರಳುಮರುಳು ಎಂದು ನಗುತ್ತವೆ. ನೀಲಗಾಜಿನ ಬಾಗಿಲ ಬಳಿ ಐದು ಎಲೆ ಕೆತ್ತಿದ ಹಿತ್ತಾಳೆಯ ಫಲಕವಿದೆ. ಈ ಕಟ್ಟಡ ಕರೆಂಟು ಉಳಿಸುತ್ತದೆ, ಭೂಮಿಗೆ ಹಿತ, ಎಂದು ನಿಮ್ಮವರು ಕೊಟ್ಟ ಬಿರುದು. ಕಟ್ಟಡದಲ್ಲಿ ಕೆಡದೆ ಉಳಿದಿರುವುದು ಅದೊಂದೇ.

ಅಷ್ಟು ದೊಡ್ಡ ಕಟ್ಟಡವಿದ್ದೂ ಅದರಲ್ಲಿ ಏಕೆ ಇರುವುದಿಲ್ಲ ಎಂದು ನೀವು ಕೇಳಬಹುದು. ಅದರ ಕಿಟಕಿಗಳು ತೆರೆಯುವುದಿಲ್ಲ. ಒಳಗಿನ ತಂಪು ಹೊರಗೆ ಸೋರಿದರೆ ಎಲೆ ಕಡಿಮೆಯಾಗುತ್ತಿತ್ತಂತೆ, ಅದಕ್ಕೆ ಎಲ್ಲವನ್ನೂ ಅಂಟುಹಾಕಿ ಮುಚ್ಚಿದ್ದಾರೆ. ಯಂತ್ರ ತಿರುಗುವ ತನಕ ಅದು ಅರಮನೆ. ನಿಂತ ಮೇಲೆ ಒಲೆ. ನಮ್ಮ ಅಜ್ಜಂದಿರು ಗಾಜು ಒಡೆದು ನೋಡಿದರು. ಗಾಳಿ ಬಂತು, ಬಂದದ್ದು ಬೆಂಕಿಗಾಳಿ, ಅದನ್ನು ತಡೆಯುವ ದಪ್ಪ ಗೋಡೆಯೇ ಆ ಕಟ್ಟಡಕ್ಕಿಲ್ಲ. ಈಗ ಅದರ ಮೇಲಿನ ಅಂತಸ್ತಿನಲ್ಲಿ ಹಪ್ಪಳ ಒಣಗಿಸುತ್ತೇವೆ. ಬಹಳ ಚೆನ್ನಾಗಿ ಒಣಗುತ್ತವೆ, ಆ ಮಟ್ಟಿಗೆ ನಿಮ್ಮ ಸಾಲ ಸಾರ್ಥಕವಾಯಿತು.

ಬಂಡೆಗಳ ನಡುವಿನ ಗವಿಗಳಿಗೆ ಹೋಗೋಣವೆಂದರೆ ಅಲ್ಲಿ ನಮಗಿಂತ ಮೊದಲೇ ಕರಡಿಗಳು ಜಾಗ ಹಿಡಿದಿವೆ. ಊರಿಗೆಲ್ಲ ತಂಪಾಗಿರುವುದು ಒಂದೇ ಒಂದು ಕೋಣೆ, ನೀಲಗಾಜಿನ ಪಕ್ಕದ ಕಾಂಕ್ರೀಟ್ ಬಯಲಿನ ತುದಿಯಲ್ಲಿ, ದೊಡ್ಡ ಬಂಡೆಗೆ ಬೆನ್ನು ಕೊಟ್ಟು ನಿಂತಿರುವುದು. ಅದಕ್ಕೆ ಕೊನೆಯ ಕೋಣೆ ಎಂದು ಹೆಸರು. ಬಂಡೆಯಲ್ಲೊಂದು ಆಳವಾದ ಬಿರುಕಿದೆ. ನೆಲದ ಹೊಟ್ಟೆಯಿಂದ ತಣ್ಣನೆಯ ಗಾಳಿ ಆ ಬಿರುಕಿನಲ್ಲಿ ಏರಿ, ಗೋಡೆಯ ಗವಾಕ್ಷಿಯಿಂದ ಒಳಗೆ ಬರುತ್ತದೆ. ಹದಿನಾಲ್ಕು ಜನ ಕೂರಬಹುದು. ಹದಿನೈದನೆಯವರನ್ನು ಸೇರಿಸಿದ ವರ್ಷ ಗಾಳಿ ಸಾಲದೆ ಇಬ್ಬರು ಒಳಗೇ ತೀರಿಹೋದರು, ಆಮೇಲೆ ಸೇರಿಸಿಲ್ಲ. ಎಳೆಯರು, ಬಸುರಿ ಬಾಣಂತಿಯರು ಮತ್ತು ಮುದುಕರಿಗೆ ಆ ಜಾಗಗಳು. ಗಟ್ಟಿಮುಟ್ಟಾದವರು ಹೊಳೆಯ ಪಾತ್ರದಲ್ಲಿ ಗುಂಡಿ ತೋಡಿ, ಮೇಲೆ ತೊಯ್ದ ಗೋಣಿ ಹೊದ್ದು ಮಲಗುತ್ತಾರೆ, ಅದು ಹಸಿಗುಂಡಿ. ಹರೆಯದವರು ಅದನ್ನು ತಾಳುತ್ತಾರೆ. ಹಸಿಗುಂಡಿಯಲ್ಲಿ ಒಂದು ಪೂರ್ತಿ ಉರಿಗಾಲ ದಾಟಿಸಿದ ಮುದುಕರನ್ನು ನಾನು ಕಂಡಿಲ್ಲ.

ಹೊಸ ಕೂಸು ಹುಟ್ಟಿದರೆ, ಕೋಣೆಯಲ್ಲಿರುವವರ ಪೈಕಿ ಎಲ್ಲರಿಗಿಂತ ಹಿರಿಯರು ತಮ್ಮ ಚಾಪೆ ಸುತ್ತಿಕೊಂಡು ಹೊರಗೆ ಹೋಗಬೇಕು. ಇದಕ್ಕೇ ಜಾಗ ಬಿಡುವುದು ಎನ್ನುವುದು. ಯಾರೂ ಹೇಳಬೇಕಾಗಿಲ್ಲ, ಯಾರೂ ಹೇಳುವುದೂ ಇಲ್ಲ. ಈಗ ಎಲ್ಲರಿಗಿಂತ ಹಿರಿಯಳು ನಾನು. ನನ್ನ ಮೊಮ್ಮಗಳು ತುಂಗಿಗೆ ದಿನ ತುಂಬಿದೆ.

ಇದರಲ್ಲಿ ನಿಮ್ಮ ಪಾತ್ರವೇನು ಎನ್ನುತ್ತೀರಾ? ಹೇಳುತ್ತೇನೆ. ಬೆಂಕಿಹೊತ್ತಿನಲ್ಲಿ ಕತ್ತಲೆಯ ಕೋಣೆಯಲ್ಲಿ ಕೂತು ನಾವು ಕಥೆ ಹೇಳುತ್ತೇವೆ, ಮತ್ತು ನಾವು ಹೇಳುವ ಕಥೆಗಳಲ್ಲಿ ನಿಮ್ಮದು ಒಂದು. ನಿಮ್ಮ ಮುಖ ನಾವು ಕಂಡಿಲ್ಲ, ಆದರೆ ನಿಮ್ಮ ಮಾತು ಆರು ತಲೆಮಾರು ಬಾಯಿಂದ ಬಾಯಿಗೆ ಬಂದಿದೆ. ನನ್ನ ಅಜ್ಜಿಯ ಅಜ್ಜಿಗೂ ಅಜ್ಜಿಯಾಗಬೇಕಾದ ಪಂಪಕ್ಕ ಈ ಬಂಡೆಯ ಪಕ್ಕದಲ್ಲಿ ಹತ್ತು ಕೋಣೆಯ ಒಂದು ವಸತಿಗೃಹ ನಡೆಸುತ್ತಿದ್ದಳು. ಮೊಳ ದಪ್ಪದ ಕಲ್ಲು ಗೋಡೆ, ಸುಣ್ಣದ ಗಚ್ಚಿನ ಚಾವಣಿ, ಪ್ರತಿ ಕೋಣೆಗೂ ಬಂಡೆಯ ಬಿರುಕಿಗೆ ತೆರೆದ ಒಂದು ಗವಾಕ್ಷಿ. ಏಸಿ ಎಂಬ ಯಂತ್ರ ಅವಳ ಒಂದು ಕೋಣೆಯಲ್ಲೂ ಇರಲಿಲ್ಲ. ದೂರದೇಶದ ಪ್ರವಾಸಿಗಳು ಗುಡಿ ನೋಡಿ ಬೆಂದು ಬಂದು ಅಲ್ಲಿ ಮಲಗಿದರೆ ಊಟಕ್ಕೂ ಏಳುತ್ತಿರಲಿಲ್ಲವಂತೆ. ಒಂದು ಮಳೆಗಾಲದಲ್ಲಿ ಚಾವಣಿ ಸೋರಿತು. ಅದಕ್ಕೆ ಹೊಸದಾಗಿ ಗಚ್ಚು ಹಾಕಿಸಬೇಕಿತ್ತು. ಆಗ ಹೋಟೆಲುಗಳಿಗೆ ಹಸಿರು ಸಾಲ ಕೊಡುತ್ತಾರೆ, ಬಡ್ಡಿ ಬಹಳ ಕಡಿಮೆ, ಎಂದು ಯಾರೋ ಹೇಳಿದರು. ಭೂಮಿಗೆ ಹಿತವಾದ ಕಟ್ಟಡಕ್ಕೆ ಸಾಲ ಎಂದರೆ ಅದು ನನಗೇ ಎಂದು ಪಂಪಕ್ಕ ಅರ್ಜಿ ಹಾಕಿದಳು. ಪಾಪ, ಅವಳು ಆ ಮಾತನ್ನು ನಂಬಿದಳು.

ಕಟ್ಟಡ ನೋಡಲು ನೀವು ಬಂದಿರಿ. ಮೇ ತಿಂಗಳ ಮಧ್ಯಾಹ್ನ. ಪಂಪಕ್ಕ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದಳು. ಕೋಣೆಗಳಲ್ಲಿ ಅತಿಥಿಗಳಿದ್ದರು. ತುದಿಯ ಚಿಕ್ಕ ಕೋಣೆಯೊಂದು ಖಾಲಿಯಿತ್ತು. ಗವಾಕ್ಷಿಯ ಕೆಳಗಿನ ಕಲ್ಲುಹಾಸಿನ ಮೇಲೆ ಸ್ವಲ್ಪ ಅಡ್ಡಾಗುತ್ತೇನೆಂದು ನೀವು ಒರಗಿದವರು ಸಂಜೆಯ ತನಕ ಗೊರಕೆ ಹೊಡೆದಿರಿ. ಎದ್ದಾಗ ಆಡಿದ ಮಾತು ಈಗಲೂ ನಮ್ಮ ಮಕ್ಕಳ ಬಾಯಲ್ಲಿದೆ:

“ಅಬಬಬ, ಏನ್ ನಿದ್ದಿರೀ ಪಂಪಕ್ಕಾರ! ನಮ್ಮ ಆಫೀಸಿನ ಏಸಿಯೊಳಗ ವರ್ಷಗಟ್ಟಲೆ ಕುಂತ್ರೂ ಹಿಂಗ ಮೈ ಹಗುರಾಗಿಲ್ಲ ನೋಡ್ರಿ.”

ಪಂಪಕ್ಕನ ಮುಖ ಅರಳಿತು. ಸಾಲ ಆದಂತೆಯೇ ಎಂದುಕೊಂಡಳು. ನೀವು ಚಹಾ ಕುಡಿದು, ಕನ್ನಡಕ ಒರೆಸಿಕೊಂಡು, ಮತ್ತೊಂದು ಮಾತು ಹೇಳಿದಿರಿ:

“ಆದ್ರ ಸಾಲದ್ದು ಬ್ಯಾರೆ ಮಾತರಿ. ಇದು ಕರೆಂಟ್ ಉಳಿಸೋರಿಗೆ ಕೊಡೋ ಸಾಲ. ನೀವು ಸುಡೋದ ಇಲ್ಲಂದ್ರ ಉಳಿಸೋದು ಎಲ್ಲಿಂದ ಬರ್ತದ?”

“ಅಲ್ರೀ ಸಾಹೇಬ್ರ, ಕುಡಿಯೋದು ಬಿಟ್ಟಾವಂಗ ಸನ್ಮಾನ, ಹುಟ್ಟಿದಾಗಿಂದ ಮುಟ್ಟದಾವಂಗ ಏನೂ ಇಲ್ಲೇನ್ರೀ?” ಎಂದಳು ಪಂಪಕ್ಕ.

ನೀವು ನಕ್ಕಿರಿ. ಒಳ್ಳೆಯ ಮನುಷ್ಯರ ನಗೆಯಂತೆ ಅದು. “ನಿಯಮ ನಂದಲ್ಲರಿ. ಒಂದ ಕೆಲಸ ಮಾಡ್ರಿ. ಎಲ್ಲಾ ಖೋಲಿಗೂ ಏಸಿ ಹಾಕಸ್ರಿ, ಒಂದ ವರ್ಷ ಬಿಲ್ಲು ಬರಲಿ. ಆಮ್ಯಾಲ ಅದನ್ನ ಕಡಿಮಿ ಮಾಡ್ತೀನಿ ಅಂತ ಅರ್ಜಿ ಕೊಡ್ರಿ. ನಾನ ಮುಂದ ನಿಂತು ಮಾಡಸ್ತೀನಿ” ಎಂದಿರಿ.

ಸಾಹೇಬರೇ, ಅವಳು ನಿಮ್ಮ ಮಾತು ಕೇಳಿದಳು. ನಮ್ಮ ಮನೆತನದ ದೊಡ್ಡ ಮೂರ್ಖತನ ಅದು. ಆದರೆ ಓದಿದವರು, ದೊಡ್ಡ ಮನುಷ್ಯರು, ನಮ್ಮ ಮನೆಯ ರೊಟ್ಟಿ ತಿಂದು ಹೇಳಿದ ಮಾತನ್ನು ಕೇಳದೆ ಇರುವುದು ಹೇಗೆ? ಯಂತ್ರ ಮಾರುವವನ ಬಳಿ ಕೈಸಾಲ ಮಾಡಿ ಒಂಬತ್ತು ಕೋಣೆಗೆ ಏಸಿ ಹಾಕಿಸಿದಳು. ಈ ತೂತುಗಳಿದ್ದರೆ ತಂಪು ನಿಲ್ಲುವುದಿಲ್ಲ ಎಂದು ಯಂತ್ರದವನು ಹೇಳಿದಾಗ, ಒಂಬತ್ತು ಗವಾಕ್ಷಿಗಳಿಗೂ ಇಟ್ಟಿಗೆ ಇಟ್ಟು ಗಾರೆ ಮೆತ್ತಿಸಿದಳು. ತನ್ನ ಮನೆಯ ಮೂಗನ್ನು ತಾನೇ ಮುಚ್ಚಿದಳು. ನೀವು ಮಲಗಿದ್ದ ಕೋಣೆ ಮಾತ್ರ ತೀರಾ ಚಿಕ್ಕದಾದ್ದರಿಂದ ಅದಕ್ಕೆ ಯಂತ್ರ ದಂಡವೆಂದು ಹಾಗೇ ಬಿಟ್ಟಳು. ಸೋರುವ ಚಾವಣಿಯ ಕೆಳಗೆ ಒಂದು ವರ್ಷ ಯಂತ್ರಗಳು ತಿರುಗಿದವು. ಗವಾಕ್ಷಿಯ ಗಾಳಿಗಾಗಿಯೇ ಬರುತ್ತಿದ್ದ ಅತಿಥಿಗಳು, ಇಂಥದ್ದು ಎಲ್ಲ ಕಡೆ ಸಿಗುತ್ತದೆ ಎಂದು ಬರುವುದನ್ನು ಬಿಟ್ಟರು. ಬಿಲ್ಲು ಮಾತ್ರ ತಪ್ಪದೆ ಬಂತು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಅವಳು ಬ್ಯಾಂಕಿಗೆ ಹೋದಾಗ ನಿಮಗೆ ವರ್ಗವಾಗಿತ್ತು. ನಿಮ್ಮ ಕುರ್ಚಿಯಲ್ಲಿದ್ದವರು, ಈಗ ಐವತ್ತು ಕೋಣೆಗಿಂತ ಕಡಿಮೆಯಿದ್ದವರ ಅರ್ಜಿ ತೆಗೆದುಕೊಳ್ಳುವುದಿಲ್ಲ, ಚಿಕ್ಕವರ ಕಾಗದಪತ್ರಕ್ಕೂ ದೊಡ್ಡವರದಕ್ಕೂ ಒಂದೇ ಶ್ರಮ, ಎಂದರಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ; ಇಲ್ಲಿ ಪೂಜಾರಿಯೇ ಬದಲಾಗಿಬಿಟ್ಟಿದ್ದ.

ಐವತ್ತು ಕೋಣೆ ಇದ್ದದ್ದು ಪಕ್ಕದ ನೀಲಗಾಜಿಗೆ. ಅದು ಮೊದಲು ಮನಸೋ ಇಚ್ಛೆ ಕರೆಂಟು ಸುಟ್ಟಿತ್ತು, ಆದ್ದರಿಂದ ಉಳಿಸುವುದಕ್ಕೆ ಬೇಕಾದಷ್ಟಿತ್ತು. ಹಾಸಿಗೆಬಟ್ಟೆ ಒಗೆಯುವ ದೊಡ್ಡ ಯಂತ್ರಗಳನ್ನು ರಸ್ತೆಯ ಆಚೆಗೆ ಸಾಗಿಸಿ ಭಾವಮೈದುನನ ಹೆಸರಿಗೆ ಮಾಡಿದ್ದೇ ತಡ, ಮಾಲೀಕನ ಮೀಟರು ಅರ್ಧ ಇಳಿಯಿತು. ಬಟ್ಟೆ ಒಗೆಯುವುದು ನಿಲ್ಲಲಿಲ್ಲ, ಹೊಗೆಯೂ ನಿಲ್ಲಲಿಲ್ಲ, ಆದರೆ ನಾಲ್ಕು ಎಲೆ ಬಂತು. ಐದನೆಯ ಎಲೆಗೆ ಬಿಸಿಲಿನಿಂದ ಕರೆಂಟು ಮಾಡುವ ಸೂರ್ಯನ ಹಲಗೆಗಳು ಬೇಕಿದ್ದವು, ಹಲಗೆ ಹೊದಿಸಲು ಕಾರು ನಿಲ್ಲಿಸುವ ಬಯಲು ಬೇಕಿತ್ತು. ಪಂಪಕ್ಕ ಸೋತಿದ್ದಳು. ಮಾರಿದಳು. ಒಂಬತ್ತು ಕೋಣೆಗಳನ್ನು ಕೆಡವಿ, ಅವುಗಳ ಹಿಂದಿನ ಬಿರುಕಿಗೆ ಹಾವು ಸೇರುತ್ತದೆಂದು ಅಷ್ಟುದ್ದಕ್ಕೂ ಅದರೊಳಗೆ ಕಾಂಕ್ರೀಟ್ ಸುರಿದು ಸಮ ಮಾಡಿದರು. ಹತ್ತನೆಯ ಕೋಣೆಯನ್ನು ತೋಟದ ಗುದ್ದಲಿ, ನೀರಿನ ಕೊಳವೆ ಇಡಲು ಉಳಿಸಿಕೊಂಡರು. ನಾವು ಇವತ್ತು ಬದುಕಿರುವುದು ಆ ಗುದ್ದಲಿಗಳ ಪುಣ್ಯದಿಂದ.

ಬಿರುಕನ್ನು ಬಿಡಿಸಲು ನಾವು ಪ್ರಯತ್ನಪಡಲಿಲ್ಲ ಎಂದುಕೊಳ್ಳಬೇಡಿ. ನನ್ನ ಗಂಡ ಯಮನೂರಪ್ಪ ಹರೆಯದಲ್ಲಿ ಉಳಿ ಹಿಡಿದು ಪ್ರತಿದಿನ ಬೆಳಗ್ಗೆ ಅದನ್ನೇ ಕುಟ್ಟುತ್ತಿದ್ದ. ಕಾಂಕ್ರೀಟು ಬಂಡೆಯ ಹೊಟ್ಟೆಯೊಳಗೆ ಇಳಿದು ಬಂಡೆಯೇ ಆಗಿಹೋಗಿದೆ. ಕೊನೆಗೆ ಉಳಿ ಸವೆದು ಬೆರಳಿನಷ್ಟಾಯಿತು, ಅವನ ಎದೆಯೂ ಸವೆಯಿತು. ತುಂಗಿ ಹುಟ್ಟಿದ ದಿನ ಜಾಗ ಬಿಟ್ಟವನು ಅವನೇ. ಕೂಸಿನ ಕೆನ್ನೆ ಮುಟ್ಟಿ, ಏನೋ ತಮಾಷೆ ಮಾಡಿ, ಚಾಪೆ ಹೆಗಲಿಗೇರಿಸಿಕೊಂಡು ಹಸಿಗುಂಡಿಗೆ ನಡೆದ. ಓಲೆ ಬರೆಯಲಿಲ್ಲ. ಗೋಡೆಗೆ ಓದು ಬರ್ತದೇನು ಎಂದು ನನ್ನನ್ನೇ ಕೇಳಿದ. ಆ ಉರಿಗಾಲ ಮುಗಿಯುವುದಕ್ಕೆ ಮೊದಲೇ ಅವನ ಗುಂಡಿಯನ್ನು ಮಣ್ಣು ತುಂಬಿ ಮುಚ್ಚಿದೆವು. ಆ ಕೂಸನ್ನು ಎದೆಗೆ ಒತ್ತಿಕೊಂಡು ಬೆಳೆಸಿದವಳು ನಾನು. ಅವಳನ್ನು ಒಂದು ದಿನವೂ ದ್ವೇಷಿಸಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ದಿನ ದ್ವೇಷಿಸಿದೆ. ಉಳಿದ ದಿನಗಳೆಲ್ಲ ಪ್ರೀತಿಸಿದೆ.

ಈಗ ಅವಳು ನನ್ನ ಕಣ್ಣಿಗೆ ಕಣ್ಣು ಕೊಡುವುದಿಲ್ಲ. ನೀರು ತಂದಿಟ್ಟು ಮುಖ ತಿರುಗಿಸುತ್ತಾಳೆ. ನಿನ್ನೆ ನನ್ನ ಪಕ್ಕ ಬಂದು ಕೂತು, “ಅಜ್ಜಿ, ನಾ ಕೂಸಿನ್ನ ತಗೊಂಡು ಹಸಿಗುಂಡಿಗೆ ಹೋಗ್ತೀನಿ. ನೀ ಎಲ್ಲೂ ಹೋಗಬ್ಯಾಡ” ಎಂದಳು.

“ಬಾಯಿ ಮುಚ್ಚಬೇ. ಹಡಿಯೋದು ಗೊತ್ತಿಲ್ಲ, ಬುದ್ಧಿ ಹೇಳಾಕ ಬಂದಾಳ” ಎಂದು ಗದರಿದೆ. ಅವಳು ಅತ್ತಳು. ನಾನು ಅಳಲಿಲ್ಲ, ಬೆಂಕಿಹೊತ್ತಿನಲ್ಲಿ ಅತ್ತು ನೀರು ಕಳೆದುಕೊಳ್ಳಬಾರದೆಂದು ನಾವೇ ಮಕ್ಕಳಿಗೆ ಕಲಿಸಿದ್ದೇವೆ.

ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ನನಗೆ ಹೋಗಲು ಮನಸ್ಸಿಲ್ಲ. ಜಾಗ ಬಿಡುವವರು ನಗುನಗುತ್ತಾ ಬಿಡುತ್ತಾರೆ ಎಂದು ನಮ್ಮ ಹಾಡುಗಳಲ್ಲಿದೆ. ಹಾಡು ಕಟ್ಟಿದವರೆಲ್ಲ ಹರೆಯದವರು. ಆ ಕೂಸಿನ ಮುಖ ನೋಡಬೇಕು, ಅದು ಮೊದಲ ಹೆಜ್ಜೆ ಇಡುವಾಗ ಬೀಳುವುದನ್ನು ನೋಡಬೇಕು, ಇನ್ನೂ ಹತ್ತು ವರ್ಷ ಎಲ್ಲರನ್ನೂ ಬೈಯುತ್ತಾ ಬದುಕಬೇಕು ಎಂದು ನನಗೆ ಬಹಳ ಆಸೆಯಿದೆ. ನನಗೆ ಭಯವೂ ಆಗುತ್ತಿದೆ. ನಾನು ಬೆಳೆಸಿದ ಕೂಸಿನ ಕೂಸಿಗೂ ನನಗೂ ಒಂದೇ ಜಾಗ ಎನ್ನುವ ಲೆಕ್ಕ ಯಾವ ದೇವರು ಹಾಕಿದ್ದು? ದೇವರು ಹಾಕಿಲ್ಲ. ಮನುಷ್ಯರೇ ಹಾಕಿದ್ದು, ಒಂದು ಸಂಜೆ, ಚಹಾ ಕುಡಿಯುತ್ತಾ.

ನಿಮ್ಮನ್ನು ಶಪಿಸಬೇಕೆಂದು ಬರೆಯಲು ಕೂತೆ. ಶಪಿಸಲು ಆಗುತ್ತಿಲ್ಲ. ನೀವು ಲಂಚ ತಿಂದವರಲ್ಲ, ಪಂಪಕ್ಕನನ್ನು ಹೀಯಾಳಿಸಿದವರಲ್ಲ, ನಿಯಮ ಪಾಲಿಸಿದವರು. ನಿಮ್ಮ ಬೆನ್ನಿಗೆ ತಂಪು ತಿಳಿಯಿತು, ನಿಮ್ಮ ಬಾಯಿ ಅದನ್ನು ಒಪ್ಪಿಕೊಂಡಿತು, ಆದರೂ ಮೀಟರಿನಲ್ಲಿ ಕಾಣಿಸದೆ ಇದ್ದುದರಿಂದ ಅದು ಇಲ್ಲವೆಂದೇ ತೀರ್ಮಾನವಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುವ ನಾಡಿನಲ್ಲಿ ನೀವು ಕನ್ನಡಿ ಹಿಡಿದು ಕೂತಿರಿ. ಕೆಟ್ಟವನೊಬ್ಬ ಇದ್ದಿದ್ದರೆ ಕೋಣೆಯಲ್ಲಿ ಕೂತು ಅವನನ್ನಾದರೂ ಬೈಯಬಹುದಿತ್ತು. ನಮಗೆ ಆ ಸಮಾಧಾನವೂ ಇಲ್ಲ.

ನನ್ನ ಬೇಡಿಕೆ ಇಷ್ಟೇ. ಈ ಓಲೆ ಸೇರುವಾಗ ನೀವಿನ್ನೂ ಬಂಡೆಹಾಳಕ್ಕೆ ಬಂದಿರದಿರಲಿ ಎಂದು ಬೇಡಿಕೊಳ್ಳುತ್ತೇನೆ. ಬನ್ನಿ. ರೊಟ್ಟಿ ತಿನ್ನಿ, ಮಲಗಿ, ಕಣ್ತುಂಬ ನಿದ್ದೆ ಮಾಡಿ. ಎದ್ದ ಮೇಲೆ ಮೀಟರಿನ ಹತ್ತಿರ ಹೋಗಬೇಡಿ. ಮೈ ಹಗುರಾಯಿತು ಎಂದಿರಲ್ಲ, ಅದನ್ನೇ ನಿಮ್ಮ ಮೇಲಿನವರಿಗೆ ಬರೆಯಿರಿ. ಅವರು ಒಪ್ಪದಿದ್ದರೆ ಅವರನ್ನೂ ಕರೆತಂದು ಮಲಗಿಸಿ. ಅದೂ ಆಗದಿದ್ದರೆ, ನಿಮ್ಮಿಂದ ಸಾಲ ಕೊಡುವುದು ಆಗುವುದೇ ಇಲ್ಲವೆಂದರೆ, ಏಸಿ ಹಾಕಿಸಿ ಎಂಬ ಆ ಮಾತನ್ನಾದರೂ ಹೇಳದೆ ಎದ್ದು ಹೋಗಿ. ಬರಿಗೈಯಲ್ಲಿ ಉಳಿದ ಪಂಪಕ್ಕ ಸೋರುವ ಚಾವಣಿಗೆ ಜಲ್ಲಿ ಮಣ್ಣು ಹಾಕಿಕೊಂಡು ಹೇಗೋ ಇರುತ್ತಿದ್ದಳು. ನಿಮ್ಮ ಉಪಕಾರವೇ ಅವಳನ್ನು ಕೆಡವಿದ್ದು.

ಓಲೆ ಇಟ್ಟ ಮರುದಿನ ಬೆಳಗ್ಗೆ ಆ ಮುರುಕು ಗೋಡೆಯ ತುದಿಯನ್ನು ಮುಟ್ಟಿ ನೋಡುವುದು ನಮ್ಮಲ್ಲಿ ಇನ್ನೊಂದು ರೂಢಿ. ಒಂಬತ್ತನೆಯ ಕೋಣೆಯ ಗೋಡೆ ಅಲ್ಲಿಂದ ಶುರುವಾಗುತ್ತಿತ್ತು. ಹಿಂದಿನವರು ಓಲೆ ಓದಿ ಮನಸ್ಸು ಬದಲಿಸಿದ್ದರೆ ಗೋಡೆ ಅಲ್ಲಿಗೆ ನಿಲ್ಲದೆ ಮುಂದಕ್ಕೆ ಹೋಗಿರಬೇಕಲ್ಲವೇ? ಪ್ರತಿ ಬಾರಿಯೂ ಯಾರೋ ಹೋಗಿ ಕೈಯಾಡಿಸಿ ಸುಮ್ಮನೆ ಬರುತ್ತಾರೆ. ನಾನು ಅವರನ್ನೆಲ್ಲ ಗೇಲಿ ಮಾಡಿದವಳು. ನೀವು ಓದಿದ್ದರೆ ಹತ್ತು ಕೋಣೆ ಇರುತ್ತಿದ್ದವು. ಹತ್ತು ಕೋಣೆ ಇದ್ದರೆ ನಾನು ಜಾಗ ಬಿಡಬೇಕಿರಲಿಲ್ಲ, ಈ ಓಲೆ ಬರೆಯಬೇಕಾಗಿಯೂ ಇರಲಿಲ್ಲ. ಬರೆಯುತ್ತಿದ್ದೇನೆ ಎಂದ ಮೇಲೆ ನಿಮ್ಮ ಉತ್ತರ ಬಂದಾಯಿತು. ಇದು ನನಗೆ ಗೊತ್ತಿದೆ. ಗೊತ್ತಿದ್ದೂ ಬರೆದೆ, ಏಕೆಂದರೆ ಕೂತು ಬರೆಯುವಷ್ಟು ಹೊತ್ತು ಈ ಜಾಗ ನನ್ನದಾಗಿರುತ್ತದೆ.

ಇದೀಗ ತುಂಗಿಗೆ ನೋವು ಶುರುವಾಗಿದೆ. ಸೂಲಗಿತ್ತಿ ಬಿಸಿನೀರು ಕೇಳುತ್ತಿದ್ದಾಳೆ, ಉಳಿದವರೆಲ್ಲ ನನ್ನ ಕಡೆ ನೋಡದಂತೆ ಗೋಡೆ ನೋಡುತ್ತಿದ್ದಾರೆ. ಹೊರಗೆ ಬಿಸಿಲು ಏರಿದೆ. ಗವಾಕ್ಷಿಯ ಕೆಳಗೆ ನೀವು ಮಲಗಿದ್ದ ಕಲ್ಲುಹಾಸಿದೆಯಲ್ಲ, ಇಷ್ಟು ವರ್ಷ ಅದೇ ನನ್ನ ಜಾಗ. ನಿಮ್ಮ ಹಾಗೆಯೇ ನಾನೂ ಅಲ್ಲಿ ಬಹಳ ಚೆನ್ನಾಗಿ ನಿದ್ದೆ ಮಾಡಿದ್ದೇನೆ. ಈಗ ಏಳುತ್ತಿದ್ದೇನೆ, ಚಾಪೆ ಸುತ್ತಬೇಕು. ಕೂಸನ್ನು ಅಲ್ಲೇ ಮಲಗಿಸಲು ಹೇಳಿದ್ದೇನೆ. ಕಲ್ಲು ತಣ್ಣಗಿದೆ.

ಹೊನ್ನೂರಮ್ಮ